ಶೇಂಗಾ ಹೊಲ ಕೇಳಿದ ಪ್ರಶ್ನೆ

ಜೂನ್ 22ರಿಂದ ಆಗಸ್ಟ್ 17. ಪಾವಗಡ–ಅನಂತಪುರ ಸೀಮೆಯಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಶೇಂಗಾದ ಬಿತ್ತನೆಗೆ ಒದಗುವ ಒಟ್ಟು ಅವಧಿ ಇದು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಬರೆದಿಟ್ಟರು. ಪಂಚಾಂಗ ಬಿಡಿಸಿ ನೋಡಿ. ಜೂನ್ 22ರ ಹೊತ್ತಿಗೆ ಆರಿದ್ರ ಮಳೆ ಹುಟ್ಟುತ್ತದೆ. ಆಗಸ್ಟ್ 17ರ ಹೊತ್ತಿಗೆ ಆಶ್ಲೇಷ ಮುಗಿದು ಮಘೆ ಶುರುವಾಗುತ್ತದೆ. ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ ಎಂಬ ನಾಲ್ಕು ಮಳೆಗಳ ಲೆಕ್ಕದಲ್ಲಿ ಹೊಲಕ್ಕಿಳಿಯುವ ರೈತನೂ, ದಶಕಗಳ ಮಳೆ ದಾಖಲೆಯನ್ನು ಕಂಪ್ಯೂಟರಿಗೆ ಉಣಿಸಿದ ವಿಜ್ಞಾನಿಯೂ ಒಂದೇ ಗಡಿಯೊಳಗೆ ಬಂದು ನಿಂತದ್ದನ್ನು ನೋಡಿದಾಗ ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಸುದ್ದಿಯಾಗುವುದು ಬರಪೀಡಿತ ತಾಲ್ಲೂಕುಗಳ ಪಟ್ಟಿ ಬಂದಾಗ, ಕೊಳವೆಬಾವಿ ಬತ್ತಿದಾಗ, ಫ್ಲೋರೈಡ್ ನೀರಿನ ಮಾತು ಬಂದಾಗ. ಈಚಿನ ವರ್ಷಗಳಲ್ಲಿ ಸೌರ ಫಲಕಗಳ ಕಡಲಿನಿಂದಾಗಿ ಪಾವಗಡದ ಹೆಸರು ಹೊರದೇಶದವರ ಬಾಯಲ್ಲೂ ಇದೆ. ಆದರೆ ಇದು ಇನ್ನೂರು ವರ್ಷಗಳಿಂದ ಸಂಶೋಧಕರು ಬಂದು, ಕೇಳಿ, ಅಳೆದು, ಬರೆದುಕೊಂಡು ಹೋದ ನೆಲವೂ ಹೌದು. ಲೋಹವಿದ್ಯೆ, ಶಾಸನ, ಜಾನಪದ, ಹವಾಮಾನ, ಪಕ್ಷಿ, ಹುಲ್ಲುಗಾವಲು, ಕೃಷಿ, ಕೂಲಿ, ಹೀಗೆ ವಿಶ್ವವಿದ್ಯಾಲಯದ ಒಂದೊಂದು ವಿಭಾಗಕ್ಕೂ ಇಲ್ಲಿ ಒಂದೊಂದು ಊರು ಸಿಗುತ್ತದೆ. ಆ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದಾಗ ನನಗೆ ಒಂದು ಸಂಗತಿ ಸ್ಪಷ್ಟವಾಯಿತು: ಊರಿನವರ ಪ್ರಶ್ನೆಯಿಂದ ಹೊರಟ ಸಂಶೋಧನೆ ಗಟ್ಟಿಯಾಗಿ ನಿಂತಿದೆ, ಊರಿನವರ ಭಾಷೆಯಲ್ಲಿ ಮರಳಿದ ಸಂಶೋಧನೆ ಊರಿಗೆ ಬಲ ಕೊಟ್ಟಿದೆ. ಎರಡೂ ಒಟ್ಟಿಗೆ ಆದದ್ದು ಬಹಳ ಕಡಿಮೆ.

ಶೇಂಗಾದ ಕಥೆಯನ್ನೇ ವಿವರವಾಗಿ ಹೇಳುತ್ತೇನೆ.

ಬಿತ್ತನೆಯ ಅವಧಿಯನ್ನು ಲೆಕ್ಕಹಾಕಿದ ಆ ಕೆಲಸದ ಮುಂದಾಳು ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್. ನೆಲ ಕಾದು ಕಡಲು ತಂಪಾಗಿರುವುದರಿಂದ ಬೀಸುವ ದೊಡ್ಡ ಕಡಲಗಾಳಿಯೇ ಮುಂಗಾರು ಎಂದು ಪಾಠಪುಸ್ತಕಗಳು ಹೇಳುತ್ತಿದ್ದ ಕಾಲದಲ್ಲಿ, ಅವರು ಡಿ.ಆರ್. ಸಿಕ್ಕಾ ಅವರೊಡನೆ ಉಪಗ್ರಹ ಚಿತ್ರಗಳನ್ನು ದಿನದಿನವೂ ಪರಿಶೀಲಿಸಿ, 1980ರಲ್ಲಿ ಬೇರೆಯದೇ ಚಿತ್ರವನ್ನು ಮುಂದಿಟ್ಟರು. ಉಷ್ಣವಲಯದ ಮೋಡಗಳ ಪಟ್ಟಿ ಋತು ನೋಡಿಕೊಂಡು ಉತ್ತರಕ್ಕೆ ಸರಿದು ಬಂದು ನಮ್ಮ ನೆಲದ ಮೇಲೆ ನೆಲೆಗೊಳ್ಳುವುದೇ ಮುಂಗಾರು ಎಂಬ ಆ ವಿವರಣೆ ಇಂದು ಹವಾಮಾನ ವಿಜ್ಞಾನದ ಅಡಿಪಾಯಗಳಲ್ಲಿ ಒಂದು. ಅಷ್ಟು ದೊಡ್ಡ ಲೆಕ್ಕ ಮಾಡಿದವರು 1990ರ ದಶಕದಲ್ಲಿ ಪಾವಗಡದ ಕೆಂಪು ಹೊಲಗಳ ಕಡೆ ತಿರುಗಿದರು. ಇಡೀ ದೇಶದ ಮುಂಗಾರು ಹೇಗಿರುತ್ತದೆ ಎಂಬುದು ಒಂದು ಪ್ರಶ್ನೆ. ವರ್ಷಕ್ಕೆ 600 ಮಿಲಿಮೀಟರೂ ಮಳೆ ಕಾಣದ ಒಂದು ಸೀಮೆಯ ರೈತ ಆ ತಿಳಿವಳಿಕೆಯಿಂದ ಏನು ಮಾಡಿಕೊಳ್ಳಬಹುದು ಎಂಬುದು ಮತ್ತೊಂದು ಪ್ರಶ್ನೆ. ಎರಡನೆಯದು ಮೊದಲನೆಯದಕ್ಕಿಂತ ಸುಲಭವೇನಲ್ಲ.

ಅವರ ಜೊತೆಗಿದ್ದವರು ಪಿ.ಆರ್. ಶೇಷಗಿರಿ ರಾವ್. ಹೊಲದ ಕೆಲಸವನ್ನೂ ಸಂಶೋಧನೆಯನ್ನೂ ಬಲ್ಲವರು. ಈ ಜೋಡಿ ಇಲ್ಲದಿದ್ದರೆ ಆ ಅಧ್ಯಯನಕ್ಕೆ ಅಷ್ಟು ಕಸುವು ಬರುತ್ತಿರಲಿಲ್ಲ ಎಂದು ನನ್ನ ನಂಬಿಕೆ. ಯಾಕೆಂದರೆ ಅವರು ಕೈಗೆತ್ತಿಕೊಂಡ ಪ್ರಶ್ನೆ ಪ್ರಯೋಗಾಲಯದಲ್ಲಿ ಹುಟ್ಟುವಂಥದ್ದಲ್ಲ.

1970ರ ದಶಕದವರೆಗೆ ಈ ಸೀಮೆಯ ಬೆದ್ದಲು ಹೊಲಗಳಲ್ಲಿ ಇದ್ದದ್ದು ಸಜ್ಜೆ, ನವಣೆ, ಸಾಮೆ, ಹಾರಕ, ಜೋಳ, ಹುರುಳಿ, ಹರಳು. ಒಂದು ಕೈಕೊಟ್ಟರೆ ಇನ್ನೊಂದು ಉಳಿಯಲಿ ಎಂದು ಸಾಲುಗಳಲ್ಲಿ ಬೆರೆಸಿ ಬಿತ್ತುತ್ತಿದ್ದ ಬೇಸಾಯ. ಯಾವ ಮಳೆಗೆ ಏನು ಬಿತ್ತಬೇಕು, ತಪ್ಪಿದರೆ ಮುಂದಿನ ಮಳೆಗೆ ಯಾವುದು ಎಂಬ ತಿಳಿವಳಿಕೆ ತಲೆಮಾರುಗಳಿಂದ ಬಂದದ್ದು. ಆಮೇಲೆ ಎಣ್ಣೆಬೀಜಕ್ಕೆ ಬೆಲೆ ಬಂತು, ಶೇಂಗಾ ಹರಡಿತು. ಕೆಲವೇ ವರ್ಷಗಳಲ್ಲಿ ಬೆರಕೆ ಬೆಳೆಯ ಜಾಗದಲ್ಲಿ ಟಿಎಂವಿ-2 ಎಂಬ ಒಂದೇ ತಳಿ ಊರೂರಿನ ಹೊಲಗಳನ್ನು ತುಂಬಿತು. ನವಣೆಯ ಬಗ್ಗೆ ಅಜ್ಜ ಹೇಳಿಕೊಟ್ಟದ್ದು ಶೇಂಗಾಕ್ಕೆ ಹೊಂದಲಿಲ್ಲ. ಬೆಳೆ ಹೊಸದು, ಮಳೆ ಮಾತ್ರ ಹಳೆಯದು. ರೈತರು ಪ್ರತಿ ವರ್ಷ ತಮ್ಮ ದುಡ್ಡು, ತಮ್ಮ ಬಿತ್ತನೆ ಕಾಯಿ ಹಾಕಿ ತಾವೇ ಪ್ರಯೋಗ ಮಾಡಿಕೊಳ್ಳಬೇಕಾಯಿತು.

ಆ ಹೊತ್ತಿನಲ್ಲಿ ಹೊಲದ ಮುಂದಿದ್ದ ಪ್ರಶ್ನೆ ಇಷ್ಟೇ: ಮೊದಲ ಹದ ಮಳೆಗೇ ಬಿತ್ತಿಬಿಡಬೇಕೋ, ಕಾಯಬೇಕೋ?

ಕೃಷಿ ಸಂಶೋಧನಾ ಕೇಂದ್ರಗಳು ಬಹುಕಾಲ ಕೊಡುತ್ತಿದ್ದ ಉತ್ತರಗಳು ಬೇರೆ ಪ್ರಶ್ನೆಗಳಿಗೆ ಸೇರಿದವು. ಎಕರೆಗೆ ಎಷ್ಟು ಗೊಬ್ಬರ, ಯಾವ ಔಷಧ, ಎಷ್ಟು ಇಳುವರಿ. ಮಳೆ ಚೆನ್ನಾಗಿ ಬಂದ ವರ್ಷ ಆ ಖರ್ಚು ವಸೂಲಾಗುತ್ತದೆ. ಬಾರದ ವರ್ಷ ಗೊಬ್ಬರಕ್ಕೆ ಹಾಕಿದ ದುಡ್ಡೂ ಮಣ್ಣುಪಾಲು. ಹತ್ತು ವರ್ಷದಲ್ಲಿ ನಾಲ್ಕೈದು ಸಲ ಕೈಸುಡುವ ಸೀಮೆಯಲ್ಲಿ ರೈತ ಗೊಬ್ಬರ ಹಾಕದಿದ್ದರೆ ಅದು ಅಜ್ಞಾನವಲ್ಲ, ಲೆಕ್ಕಾಚಾರ. ಈ ಮಾತನ್ನು ಗಾಡ್ಗೀಳ್ ಅವರ ತಂಡ ವಿಜ್ಞಾನದ ಭಾಷೆಯಲ್ಲಿ ವಾದಿಸಿತು. ಮಳೆಯಾಶ್ರಿತ ಪ್ರದೇಶಕ್ಕೆ ಶಿಫಾರಸು ಮಾಡುವ ಮುನ್ನ ಅಲ್ಲಿನ ಮಳೆಯ ಏರುಪೇರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ರೈತನ ಕೈಯಲ್ಲಿ ನಿಜವಾಗಿ ಬದಲಾಯಿಸಲು ಸಾಧ್ಯವಿರುವ ತೀರ್ಮಾನ ಯಾವುದು ಎಂದು ಮೊದಲು ಅವನನ್ನೇ ಕೇಳಿ ಎಂದಿತು. ಬಿತ್ತನೆಯ ದಿನ ಅಂಥ ಒಂದು ತೀರ್ಮಾನ. ಅದಕ್ಕೆ ಹೆಚ್ಚುವರಿ ಕಾಸು ಬೇಕಿಲ್ಲ.

ಶೇಂಗಾ ಬೆಳೆಯ ಒಂದೊಂದು ಹಂತವನ್ನೂ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೆ ಆ ಸೀಮೆಯ ಹಳೆಯ ಮಳೆ ದಾಖಲೆಗಳನ್ನು ಕೊಟ್ಟರು. ಪ್ರತಿ ವರ್ಷವೂ ಬೇರೆ ಬೇರೆ ದಿನ ಬಿತ್ತಿದ್ದರೆ ಏನಾಗುತ್ತಿತ್ತು ಎಂದು ನೋಡಿದರು. ಜುಲೈ ನಡುಭಾಗ ದಾಟಿದ ಮೇಲೆ ಬಿತ್ತಿದ ಬೆಳೆಯೇ ಪೂರ್ತಿ ಕೈಕೊಡುವ ಅಪಾಯ ಕಡಿಮೆ ಎಂದು ಕಂಡಿತು. ಕಾರಣ ಇಲ್ಲಿನ ಮಳೆಯ ನಡೆ. ಮಲೆನಾಡಿಗೆ ಜುಲೈನಲ್ಲಿ ಮಳೆಯ ಜೋರು. ಪಾವಗಡದ ಸೀಮೆಗೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳೇ ಮುಖ್ಯ. ಹೂವಿನ ಬುಡದಿಂದ ಸೂಜಿ ನೆಲಕ್ಕಿಳಿದು ಕಾಯಿ ಕಟ್ಟಿ ಬೀಜ ತುಂಬಿಕೊಳ್ಳುವ ಹೊತ್ತಿಗೆ ಮಳೆ ಬಿದ್ದರೆ ಬೆಳೆ ಗೆದ್ದಂತೆ. ಮುಂಚೆಯೇ ಬಿತ್ತಿದರೆ ಆ ನಾಜೂಕಿನ ಹೊತ್ತು ಆಗಸ್ಟಿನ ಒಣ ದಿನಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲೆ ಬಳ್ಳಿ ಹಸಿರಾಗಿಯೇ ಇರುತ್ತದೆ, ಕಿತ್ತು ನೋಡಿದರೆ ಜೊಳ್ಳು.

ನನ್ನನ್ನು ಇದಕ್ಕಿಂತ ಹೆಚ್ಚು ಸೆಳೆದದ್ದು ರೋಗ ಮತ್ತು ಕೀಟದ ಭಾಗ. ಹೊರಗಿನಿಂದ ಬಂದ ಮಾದರಿಗೆ ನೀರಿನ ಲೆಕ್ಕ ಗೊತ್ತಿತ್ತು, ಸುರುಳಿ ಪೂಚಿಯ ಲೆಕ್ಕ ಗೊತ್ತಿರಲಿಲ್ಲ. ಎಷ್ಟು ದಿನ ಬಿಸಿಲು ಹೊಡೆದರೆ ಸುರುಳಿ ಪೂಚಿ ಏಳುತ್ತದೆ, ಎಷ್ಟು ದಿನ ಎಡೆಬಿಡದೆ ಹಸಿಯಿದ್ದರೆ ಎಲೆಚುಕ್ಕೆ ಬರುತ್ತದೆ, ಯಾವ ಮಳೆಯ ಬೆನ್ನಿಗೆ ಕಂಬಳಿಹುಳು ಬರುತ್ತದೆ, ಇವೆಲ್ಲ ರೈತರಿಗೆ ಗೊತ್ತಿತ್ತು. 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ರೈತರ ಈ ಅನುಭವವನ್ನೇ ನಿಯಮಗಳಾಗಿ ಬರೆದು ಮಾದರಿಯೊಳಗೆ ಸೇರಿಸಿದ್ದಾರೆ. ಹೊಲದ ಬದುವಿನ ಮೇಲೆ ಕೂತು ಆಡುವ ಮಾತು ದತ್ತಾಂಶವಾಯಿತು. 2002ರಲ್ಲಿ ಗಾಡ್ಗೀಳ್, ಶೇಷಗಿರಿ ರಾವ್ ಮತ್ತು ಕೆ. ನರಹರಿ ರಾವ್ ಅವರು ‘ಅಗ್ರಿಕಲ್ಚರಲ್ ಸಿಸ್ಟಮ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಹವಾಮಾನ ಮತ್ತು ಕೃಷಿಯ ಸಂಬಂಧ ಅಭ್ಯಾಸ ಮಾಡುವವರು ದೇಶದಾಚೆಗೂ ಓದುತ್ತಾರೆ. ಪಾವಗಡದ ರೈತನ ಕೀಟಜ್ಞಾನ ಹೀಗೆ ಲೋಕ ಸುತ್ತಿದೆ.

ಆದರೆ ಅದು ಸುತ್ತಿದ್ದು ಇಂಗ್ಲಿಷಿನಲ್ಲಿ. ವೈ.ಎನ್. ಹೊಸಕೋಟೆಯಲ್ಲೋ ನಾಗಲಮಡಿಕೆಯಲ್ಲೋ ಹೈಸ್ಕೂಲು ಓದುವ ಹುಡುಗಿಗೆ ತನ್ನ ತಾತ ಇಂಥ ಒಂದು ವಿಜ್ಞಾನಕ್ಕೆ ಒದಗಿಬಂದ ತಿಳಿವಳಿಕೆಯ ವಾರಸುದಾರ ಎಂದು ಹೇಳುವ ಪಾಠ ಯಾವ ಪುಸ್ತಕದಲ್ಲಿದೆ?

ಇನ್ನೂರು ವರ್ಷ ಹಿಂದಕ್ಕೆ ಹೋಗೋಣ. 1799ರಲ್ಲಿ ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ವೆಲ್ಲೆಸ್ಲಿ ಹೊಸದಾಗಿ ಕೈಗೆ ಬಂದ ಸೀಮೆಗಳನ್ನು ಅರಿತು ಬರಲು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳಿಸಿದ. 1800ರ ಏಪ್ರಿಲ್‌ನಲ್ಲಿ ಮದರಾಸು ಬಿಟ್ಟ ಬುಕನನ್ ಆ ಮಳೆಗಾಲದಲ್ಲಿ ದೊಡ್ಡಬಳ್ಳಾಪುರದಿಂದ ಮಧುಗಿರಿ, ಶಿರಾ ಕಡೆಗೆ ಬಂದ. ಬಿತ್ತನೆ ಬೀಜದ ಪ್ರಮಾಣ, ಕಂದಾಯ, ಆಳಿನ ಕೂಲಿ, ಕುರಿ, ಕಂಬಳಿ, ತೆಂಗು, ಅಡಿಕೆ, ಜಾತಿ, ಎಲ್ಲವನ್ನೂ ಊರಿನವರನ್ನು ಕೂರಿಸಿಕೊಂಡು ಕೇಳಿದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಲ್ಲಿ ಅದು ಅಚ್ಚಾಯಿತು. ಆಳುವವನ ಕಣ್ಣಿನಿಂದ ಬರೆದ ಪುಸ್ತಕ ಅದು, ಕಂಪನಿಗೆ ಲಾಭವೇನು ಎಂಬ ಲೆಕ್ಕ ಪುಟಪುಟದಲ್ಲಿದೆ. ಹಾಗಿದ್ದೂ ಅದರಲ್ಲಿ ನಮ್ಮ ಚನ್ನರಾಯನದುರ್ಗದ ಕಮ್ಮಾರರು ಉಳಿದುಕೊಂಡಿದ್ದಾರೆ.

ಇಂದು ಕೊರಟಗೆರೆ ತಾಲ್ಲೂಕಿಗೆ ಸೇರಿದ ಈ ಚನ್ನರಾಯನದುರ್ಗ (ಸಿ.ಎನ್. ದುರ್ಗ) ಹೋಬಳಿಯ ಬೆಟ್ಟಗಳಿಂದ ಮಳೆಗಾಲದ ತೊರೆಗಳು ಕರಿಮರಳನ್ನು ಹೊತ್ತು ತರುತ್ತಿದ್ದವು. ಅದನ್ನು ತೊಳೆದು, ಇದ್ದಿಲಿನ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದರು. ಆ ಕಬ್ಬಿಣವನ್ನು ಉಕ್ಕು ಮಾಡುವ ಬಗೆ ಬುಕನನ್ ಬರವಣಿಗೆಯಲ್ಲಿ ಅಡುಗೆಯ ವಿಧಾನದಷ್ಟು ಸ್ಪಷ್ಟವಾಗಿದೆ. ಸುಡದ ಹಸಿಮಣ್ಣಿನ ಮೊನಚು ಬುಡದ ಮೂಸೆ. ಅದರೊಳಗೆ ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಒಂದು ಬಗೆಯ ಬಳ್ಳಿಯ ಎರಡು ಹಸಿರು ಎಲೆ. ಬಾಯಿಗೆ ಮಣ್ಣು ಮೆತ್ತಿ ಮುಚ್ಚಿ, ಮೂಸೆಗಳನ್ನು ಕುಲುಮೆಯಲ್ಲಿ ಜೋಡಿಸಿ, ತಿದಿ ಒತ್ತಿ, ಕೆಲವು ತಾಸಿನಲ್ಲಿ ಒಳಗಿನ ಕಬ್ಬಿಣ ಕರಗುವಂತೆ ಮಾಡುತ್ತಿದ್ದರು. ಆರಿಸಿ ಒಡೆದರೆ ಉಕ್ಕಿನ ಗಟ್ಟಿ. ಕಲ್ಲುಕುಟಿಗರ ಉಳಿಗೆ, ಕತ್ತಿಯ ಅಲಗಿಗೆ, ವಾದ್ಯಗಳ ತಂತಿಗೆ ಅದು ಹೋಗುತ್ತಿತ್ತು.

ಈ ಕೆಲಸದಲ್ಲಿರುವ ರಸಾಯನಶಾಸ್ತ್ರ ಸಣ್ಣದಲ್ಲ. ತಂಗಡಿ ಕಡ್ಡಿ, ಎಲೆ ಒಳಗೇ ಸುಟ್ಟು ಇಂಗಾಲವಾಗುತ್ತದೆ, ಆ ಇಂಗಾಲವನ್ನು ಕಬ್ಬಿಣ ಹೀರಿಕೊಳ್ಳುತ್ತದೆ. ಶೇ 1ರಿಂದ 2ರ ಆಸುಪಾಸು ಇಂಗಾಲವಿರುವ ಇಂಥ ಮೂಸೆ ಉಕ್ಕಿನ ಗುಟ್ಟು ತಿಳಿಯಲು 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಮಂಡಿಸಿದ. ವಿದ್ಯುತ್ತಿನ ಕೆಲಸಕ್ಕೆ ಹೆಸರಾಗುವ ಮೊದಲು ಮೈಕೆಲ್ ಫ್ಯಾರಡೆ 1819ರಲ್ಲಿ ಭಾರತದ ಉಕ್ಕಿನ ವಿಶ್ಲೇಷಣೆ ಬರೆದ. ಕಬ್ಬಿಣದಲ್ಲಿ ಅಲ್ಪಸ್ವಲ್ಪ ಸೇರಿಕೊಂಡ ವನೇಡಿಯಂನಂಥ ಧಾತುಗಳೇ ಇಂಥ ಉಕ್ಕಿನಿಂದ ಮಾಡಿದ ಡಮಾಸ್ಕಸ್ ಕತ್ತಿಯ ಅಲೆಗೆರೆಗಳಿಗೆ ಕಾರಣ ಎಂದು ಅಮೆರಿಕದ ಲೋಹವಿಜ್ಞಾನಿ ವೆರ್‌ಹೋವನ್ ಮತ್ತು ಸಂಗಡಿಗರು 1998ರಲ್ಲಿ ವಾದಿಸಿದರು. ಬೆಂಗಳೂರಿನಲ್ಲೇ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ 2004ರಲ್ಲಿ ಈ ಉಕ್ಕಿನ ಚರಿತ್ರೆ, ವಿಜ್ಞಾನಗಳ ಬಗ್ಗೆ ಇಡೀ ಪುಸ್ತಕ ಬರೆದರು. ಜಗತ್ತಿನ ಲೋಹವಿಜ್ಞಾನಿಗಳು ಎರಡು ಶತಮಾನ ತಲೆಕೆಡಿಸಿಕೊಂಡ ವಿದ್ಯೆಯೊಂದು ಕೊರಟಗೆರೆಯ ಬೆಟ್ಟಗಳ ಬುಡದಲ್ಲಿ ದಿನನಿತ್ಯದ ಕಸುಬಾಗಿತ್ತು.

ಹಳೆಯ ಕುಲುಮೆ ಇದ್ದ ಕಡೆ ಕಿಟ್ಟ ಉಳಿಯುತ್ತದೆ, ಮೂಸೆಯ ಚೂರು ಉಳಿಯುತ್ತದೆ. ಉಳುವಾಗ ಕೈಗೆ ಸಿಕ್ಕಿದ ಕಿಟ್ಟವನ್ನು ಬದುವಿಗೆ ಎಸೆಯುವುದು ಎಲ್ಲ ಊರಿನ ವಾಡಿಕೆ. ಚನ್ನರಾಯನದುರ್ಗದ ಸುತ್ತಿನ ಊರುಗಳಲ್ಲಿ ಇತಿಹಾಸ ಮತ್ತು ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳು ಜೊತೆಯಾಗಿ ಹೊಲ ಹೊಲ ಸುತ್ತಿ ಇಂಥ ಜಾಗಗಳ ನಕ್ಷೆ ಮಾಡಬೇಕು. ಇದಕ್ಕೆ ಕೋಟಿ ರೂಪಾಯಿ ಬೇಡ. ಒಂದು ಬೇಸಿಗೆ ರಜೆ, ಒಬ್ಬ ಉತ್ಸಾಹಿ ಮೇಷ್ಟರು, ಊರಿನ ಹಿರಿಯರ ನೆನಪು ಸಾಕು. ಆದರೆ ತಡ ಮಾಡುವಂತಿಲ್ಲ. ಜೆಸಿಬಿಯಿಂದ ಸಮತಟ್ಟು ಮಾಡಿದ ಹೊಲದಲ್ಲಿ ಕುಲುಮೆಯ ಗುರುತು ಸಿಗುವುದಿಲ್ಲ.

ಶಾಸನಗಳ ಮಟ್ಟಿಗೆ ನಾವು ಅದೃಷ್ಟವಂತರು. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ ತುಮಕೂರು ಜಿಲ್ಲೆಯದು, 1904ರಲ್ಲಿ ಪ್ರಕಟವಾಯಿತು. ನಿಡುಗಲ್ಲಿನ ಚೋಳರು, ನೊಳಂಬರು, ಹೊಯ್ಸಳರು ಈ ತಾಲ್ಲೂಕುಗಳಲ್ಲಿ ಕೆರೆ ಕಟ್ಟಿಸಿದ್ದು, ಭೂಮಿ ಬಿಟ್ಟದ್ದು, ಗಡಿಕಾಳಗದಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸಿದ್ದು ಅದರಲ್ಲಿದೆ. ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಶಿರಾದಿಂದ ದೂರವಿಲ್ಲ. ರಾಜ್ಯದ ಗೆರೆ ದಾಟಿದರೆ ಆಂಧ್ರ, ಅಷ್ಟೇ. ಆ ಸಂಪುಟದ ಒಂದು ಗುಣ ಗಮನಿಸಿ: ಕನ್ನಡ ಮೂಲಪಾಠ ಕನ್ನಡ ಅಕ್ಷರದಲ್ಲೇ ಅಚ್ಚಾಗಿದೆ. ಹಾಗಾಗಿ ಊರಿನ ಮೇಷ್ಟರೊಬ್ಬರು ಕಲ್ಲಿನ ಮುಂದೆ ಪುಸ್ತಕ ಹಿಡಿದು ನಿಂತು ಹೋಲಿಸಿ ಓದಬಹುದು. ಬ್ರಿಟಿಷರ ಕಾಲದ ಅಧಿಕಾರಿಯ ಪುಸ್ತಕವಾದರೂ ಊರಿನವರಿಗೆ ಬಾಗಿಲು ತೆರೆದಿಟ್ಟದ್ದು ಈ ಒಂದು ಕಾರಣಕ್ಕೆ.

ಜಾನಪದದ ಸಂಶೋಧನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಚಿತ್ರದುರ್ಗದವರೆಗೆ ಹರಡಿರುವ ಕಾಡುಗೊಲ್ಲರ ಹಟ್ಟಿಗಳಲ್ಲಿ ಕುಲವೀರ ಜುಂಜಪ್ಪನ ಕಥೆಯನ್ನು ಗಣೆ ಎಂಬ ಕೊಳಲಿನ ದನಿಯೊಡನೆ ಹಾಡುತ್ತಾರೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಈ ಪರಂಪರೆಯ ದೊಡ್ಡ ನೆಲೆ. ಪಶುಪಾಲಕರ ಈ ಲೋಕವನ್ನು ಟಿ.ಎನ್. ಶಂಕರನಾರಾಯಣ, ಮೀರಾಸಾಬಿಹಳ್ಳಿ ಶಿವಣ್ಣ ಮೊದಲಾದವರು ಕನ್ನಡದಲ್ಲೇ ಅಭ್ಯಾಸ ಮಾಡಿದರು. ಚಲುವರಾಜು ಸಂಪಾದಿಸಿದ ಜುಂಜಪ್ಪ ಮಹಾಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು. ಹಟ್ಟಿಯಲ್ಲಿ ಓದು ಕಲಿತ ಮೊದಲ ತಲೆಮಾರಿನ ಹುಡುಗರು ಈ ಪುಸ್ತಕಗಳನ್ನು ಕೈಗೆತ್ತಿಕೊಂಡು, ಇದು ನಮ್ಮದು ಎಂದು ಗುರುತಿಸಲು ಸಾಧ್ಯವಾಯಿತು. ಪರಿಶಿಷ್ಟ ಪಂಗಡಕ್ಕೆ ತಮ್ಮನ್ನು ಸೇರಿಸಬೇಕೆಂಬ ಕಾಡುಗೊಲ್ಲರ ಬೇಡಿಕೆಗೆ ಕುಲಶಾಸ್ತ್ರೀಯ ಅಧ್ಯಯನಗಳೇ ಆಧಾರ. ಸಂಶೋಧನೆ ಕನ್ನಡದಲ್ಲಿದ್ದರೆ ಅದು ಬದುಕಿನ ಹಕ್ಕಿ​ನ ಮಾತಿಗೂ ಒದಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ಇದೇ ಹಟ್ಟಿಗಳ ಇನ್ನೊಂದು ಸತ್ಯವನ್ನೂ ಹೇಳಬೇಕು. ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹಾಗೆ ಹೊರಗಿದ್ದ ಹಸುಗೂಸು ತೀರಿಹೋಯಿತು. ಸೂತಕದ ನಂಬಿಕೆಯನ್ನು ವರ್ಣಿಸಿ ಬರೆದ ಪ್ರಬಂಧಗಳು ಬೇಕಾದಷ್ಟಿವೆ. ಆ ಗುಡಿಸಲಿನಲ್ಲಿ ಚಳಿ, ಸೋಂಕು, ಹಾವು, ಒಂಟಿತನ ತಾಯಿ ಮಗುವಿಗೆ ಏನು ಮಾಡುತ್ತವೆ ಎಂದು ವೈದ್ಯಕೀಯವಾಗಿ ಅಳೆದು, ಹಟ್ಟಿಯ ಹೆಂಗಸರ ಜೊತೆಯಲ್ಲೇ ಕೂತು ದಾರಿ ಹುಡುಕುವ ಅಧ್ಯಯನ ಬೇಕು. ಜಾನಪದ ವಿದ್ವಾಂಸರೂ ವೈದ್ಯರೂ ಒಟ್ಟಿಗೆ ಮಾಡಬೇಕಾದ ಕೆಲಸ ಇದು. ಗಣೆಯ ಪದ ಉಳಿಯಬೇಕು, ಈ ಗುಡಿಸಲು ಹೋಗಬೇಕು. ನನಗೆ ಇದರಲ್ಲಿ ಅನುಮಾನವೇ ಇಲ್ಲ.

ಪದವಿ, ಪಿಎಚ್.ಡಿ. ಇಲ್ಲದೆಯೂ ಸಂಶೋಧನೆ ನಡೆದ ಎರಡು ಜಾಗಗಳಿವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳೂ ಬೂದು ಬಕಗಳೂ ಗೂಡು ಕಟ್ಟುತ್ತವೆ. ಈ ಊರು ಹೊರಲೋಕದ ಗಮನಕ್ಕೆ ಬಂದದ್ದು 1999ರಲ್ಲಿ, ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಹವ್ಯಾಸಿಗಳಿಂದ. ಅವರು ಬರುವ ಮೊದಲೇ ಊರಿನವರು ಹಕ್ಕಿಗಳನ್ನು ತಮ್ಮವೆಂದು ಕಾಪಾಡಿಕೊಂಡಿದ್ದರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. ಸುಮಾರು 798 ಎಕರೆಯ ಆ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. ಬಯಲುಸೀಮೆಯ ಹುಲ್ಲುಗಾವಲನ್ನು ಸರ್ಕಾರಿ ಕಡತಗಳು ಪಾಳು ಎಂದು ಬರೆಯುತ್ತ ಬಂದ ನಾಡಿನಲ್ಲಿ, ಹುಲ್ಲೂ ಒಂದು ಜೀವಲೋಕ ಎಂದು ಒಪ್ಪಿಸುವುದಕ್ಕೆ ವರ್ಷಗಟ್ಟಲೆ ಎಣಿಸಿ, ಬರೆದಿಟ್ಟವರ ಶ್ರಮ ಬೇಕಾಯಿತು.

ಕೊರಟಗೆರೆ ತಾಲ್ಲೂಕಿನ ಡಿ. ನಾಗೇನಹಳ್ಳಿಯ ಹೆಸರು ಕೃಷಿ ವಿಜ್ಞಾನಿಗಳಿಗೆ ಗೊತ್ತು, ಪಕ್ಕದ ತಾಲ್ಲೂಕಿನವರಿಗೆ ಗೊತ್ತಿರಲಾರದು. 2011ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಹವಾಮಾನದ ಏರುಪೇರು ತಾಳಿಕೊಳ್ಳುವ ಬೇಸಾಯಕ್ಕಾಗಿ ದೇಶದಾದ್ಯಂತ ಶುರುಮಾಡಿದ ಯೋಜನೆಯಲ್ಲಿ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಈ ಊರನ್ನು ಆರಿಸಿಕೊಂಡಿತು. ಕಂದಕ–ಬದು, ಕೃಷಿಹೊಂಡ, ಬರ ತಡೆಯುವ ಎಂಎಲ್-365 ರಾಗಿ, ಬಾಡಿಗೆಗೆ ಸಿಗುವ ಯಂತ್ರಗಳು. ಇವೆಲ್ಲ ರೈತರ ಹೊಲದಲ್ಲೇ ಪರೀಕ್ಷೆಗೊಳಗಾದವು. ಸಂಶೋಧನಾ ಕೇಂದ್ರದ ಬೇಲಿಯೊಳಗೆ ಮಾಡಿ ತೋರಿಸುವುದಕ್ಕೂ ಊರಿನ ಹೊಲದಲ್ಲಿ ಮಾಡುವುದಕ್ಕೂ ಇರುವ ಅಂತರವನ್ನು ಈ ಊರು ಕಡಿಮೆ ಮಾಡಿತು.

ಈಗ ಪಾವಗಡದ ಸೌರ ಉದ್ಯಾನ. ಇದರ ಬಗ್ಗೆ ನನಗೆ ಹೇಳಬೇಕಾದದ್ದು ಹೆಚ್ಚಿದೆ.

ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು. ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ‘ಶಕ್ತಿ ಸ್ಥಳ’ ಹರಡಿದೆ. 2018ರ ಮಾರ್ಚ್ 1ರಂದು ಮೊದಲ ಹಂತ ಉದ್ಘಾಟನೆಯಾಯಿತು, 2019ರ ಕೊನೆಗೆ ಪೂರ್ಣವಾಯಿತು. ಇಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, ಅವಧಿ 28 ವರ್ಷ. ಒಡೆತನ ರೈತನ ಹೆಸರಿನಲ್ಲೇ ಉಳಿಯುತ್ತದೆ. ನಾಲ್ಕು ವರ್ಷ ಶೇಂಗಾ ಹಾಕಿ ಮೂರು ವರ್ಷ ಕಳೆದುಕೊಂಡವರಿಗೆ ಖಾತ್ರಿ ಹಣ ದೊಡ್ಡ ಆಸರೆ. ಈ ಮಾದರಿಯನ್ನು ನೋಡಲು ಬೇರೆ ರಾಜ್ಯಗಳಿಂದಲೂ ಬರುತ್ತಾರೆ. ಬಲವಂತದ ಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು ಎಂದು ಒಪ್ಪಲೇಬೇಕು.

ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿರುವವರಿಗೆ. ಪಹಣಿಯಲ್ಲಿ ಹೆಸರಿಲ್ಲದೆ ಅದೇ ಹೊಲದಲ್ಲಿ ಕಳೆ ಕಿತ್ತು, ಕಾಯಿ ಬಿಡಿಸಿ ಬದುಕಿದ್ದವರ ಪಾಡೇನು? ಬೇಲಿ ಬಿದ್ದ ಮೇಲೆ ಕುರಿಗಳಿಗೆ ಹುಲ್ಲು ಎಲ್ಲಿ? ಶೇಂಗಾ ಹೊಲದಲ್ಲಿ ಹೆಂಗಸರ ದುಡಿಮೆಯೇ ಹೆಚ್ಚು. ಸೌರ ಉದ್ಯಾನದೊಳಗೆ ಸಿಗುವ ಕೆಲಸ ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು, ಅದೂ ಗುತ್ತಿಗೆದಾರರ ಕೈಕೆಳಗೆ. ದೇಶ ವಿದೇಶದ ಸಂಶೋಧಕರು ಇಲ್ಲಿಗೆ ಬಂದಿದ್ದಾರೆ, ಭೂರಹಿತರ ಕಷ್ಟವನ್ನು ಬರೆದಿದ್ದಾರೆ. ಇನ್ನೂ ಬೇಕಾದದ್ದು ದುಡಿಮೆಯ ಒಳಗಿನ ಅಧ್ಯಯನ. ಬೇಸಿಗೆಯ ಮಧ್ಯಾಹ್ನ ಫಲಕಗಳ ಸಾಲಿನ ನಡುವೆ ಕೆಲಸ ಮಾಡುವ ಮೈಗೆ ಎಷ್ಟು ಬಿಸಿ ತಾಗುತ್ತದೆ, ಕುಡಿಯುವ ನೀರು, ನೆರಳು, ಶೌಚಾಲಯ ಎಷ್ಟು ದೂರ, ಕೂಲಿ ಯಾವ ದಿನ ಕೈಸೇರುತ್ತದೆ, ಭವಿಷ್ಯನಿಧಿ ಕಟ್ಟುತ್ತಾರೋ ಇಲ್ಲವೋ. ಇವು ಸಣ್ಣ ಪ್ರಶ್ನೆಗಳಂತೆ ಕಾಣಬಹುದು. ದುಡಿಯುವವರಿಗೆ ಇವೇ ಪ್ರಶ್ನೆಗಳು. 28 ವರ್ಷ ಮುಗಿದ ಮೇಲೆ ಆ ಮಣ್ಣು ಮತ್ತೆ ಬೇಸಾಯಕ್ಕೆ ಬರುವ ಸ್ಥಿತಿಯಲ್ಲಿರುತ್ತದೆಯೇ ಎಂಬುದನ್ನು ಈಗಿನಿಂದಲೇ ವರ್ಷವರ್ಷ ಅಳೆಯಬೇಕು. ಅಂದು ಅಳೆಯಲು ಹೋದರೆ ಹೋಲಿಸಿ ನೋಡಲು ಹಳೆಯ ಲೆಕ್ಕವಿರುವುದಿಲ್ಲ.

ಫ್ಲೋರೈಡಿನ ವಿಷಯದಲ್ಲೂ ಹೀಗೆಯೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು, ಮೂಳೆ ಕೆಡುತ್ತವೆ ಎಂದು 1937ರಲ್ಲಿ ನೆಲ್ಲೂರು ಕಡೆ ರೋಗ ಪತ್ತೆಯಾದಂದಿನಿಂದ ನಡೆದ ಅಧ್ಯಯನಗಳು ನಮಗೆ ಕಲಿಸಿವೆ. ಆಳಕ್ಕೆ ಕೊರೆದಷ್ಟೂ ಕಲ್ಲಿನೊಳಗಿನ ಫ್ಲೋರೈಡ್ ನೀರಿಗೆ ಬರುವ ಸಂಭವ ಹೆಚ್ಚು. ಈಗ ಊರೂರಿಗೂ ಶುದ್ಧ ನೀರಿನ ಘಟಕಗಳಿವೆ. ಘಟಕ ಹೊರಚೆಲ್ಲುವ ನೀರಿನಲ್ಲಿ ಆ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗಿರುತ್ತದೆ. ಆ ನೀರು ಯಾವ ಚರಂಡಿಗೆ, ಯಾವ ತೋಟಕ್ಕೆ, ಯಾವ ಕೆರೆಗೆ ಹೋಗುತ್ತಿದೆ? ಪಾವಗಡದ ಅಥವಾ ಶಿರಾದ ಪದವಿ ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ ಪರೀಕ್ಷಿಸಿ ಹೇಳಬಹುದಾದ ಸಂಗತಿ ಇದು.

ತುಮಕೂರು ವಿಶ್ವವಿದ್ಯಾಲಯ 2004ರಲ್ಲಿ ಸ್ಥಾಪನೆಯಾಯಿತು. ಜಿಲ್ಲೆಯ ಬಗ್ಗೆ ಬರೆದ ಪ್ರಬಂಧಗಳನ್ನೆಲ್ಲ, ಎಲ್ಲಿಯ ವಿಶ್ವವಿದ್ಯಾಲಯದವರು ಬರೆದರೂ ಸರಿ, ಒಂದೆಡೆ ಕಲೆಹಾಕುವ ಹೊಣೆಯನ್ನು ಅದು ಹೊರಬೇಕು. ತಾಲ್ಲೂಕಿನ ಮೇಷ್ಟರುಗಳ, ಕಾಲೇಜು ಅಧ್ಯಾಪಕರ ಕೈಬರಹದ ಟಿಪ್ಪಣಿಗಳೂ ಅದರಲ್ಲಿರಲಿ. ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರಲ್ಲಿ ನನ್ನ ಕೋರಿಕೆ: ಊರಿನಲ್ಲಿ ಮಾಹಿತಿ ಪಡೆದ ಪ್ರತಿ ಪ್ರಬಂಧಕ್ಕೂ ಎರಡು ಪುಟದ ಕನ್ನಡ ಸಾರಾಂಶ ಕಡ್ಡಾಯ ಮಾಡಿ. ಅದನ್ನು ವಿದ್ಯಾರ್ಥಿಯೇ ಆ ಊರಿನ ಗ್ರಾಮಸಭೆಯಲ್ಲಿ ನಿಂತು ಓದಲಿ, ಊರಿನವರು ತಿದ್ದಲಿ, ಪ್ರಶ್ನೆ ಕೇಳಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಆ ಊರಿನ ಬಗ್ಗೆ ಬರೆದದ್ದನ್ನೆಲ್ಲ ಇಡಲು ಒಂದು ಅರೆ ಸಾಕು.

ಈ ನಾಲ್ಕು ತಾಲ್ಲೂಕಿನ ಓದುಗರಲ್ಲೂ ಒಂದು ಮಾತು. ಮುಂದಿನ ಸಲ ಪ್ರಶ್ನಾವಳಿ ಹಿಡಿದು ಯಾರಾದರೂ ನಿಮ್ಮ ಜಗಲಿಗೆ ಬಂದರೆ ಕೂರಿಸಿ, ಮಜ್ಜಿಗೆ ಕೊಡಿ, ಗೊತ್ತಿದ್ದದ್ದನ್ನು ಹೇಳಿ. ನಿಮ್ಮ ಹೊಲದ, ನಿಮ್ಮ ನೀರಿನ, ನಿಮ್ಮ ಕೂಲಿಯ ಪ್ರಶ್ನೆಯನ್ನೂ ಅವರ ಪುಸ್ತಕದಲ್ಲಿ ಬರೆಸಿ. ಬರೆದು ಮುಗಿಸಿದ ಮೇಲೆ ಒಂದು ಪ್ರತಿಯನ್ನು ಕನ್ನಡದಲ್ಲಿ ಪಂಚಾಯಿತಿಗೆ ತಂದುಕೊಡಿ ಎಂದು ಕೇಳಿ ಪಡೆಯಿರಿ.